ಕಸದ ಬುಟ್ಟಿ ಕಪಾಟಲ್ಲ

ಅಂಚೆಯಕ್ಕನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ವಿಷಯದ ಸಾಲು ಖಾಲಿ ಬಿಟ್ಟು ಯಾರಾದರೂ ಇಮೇಲ್ ಕಳಿಸಿದರೆ ಸಾಕು, ಮೂಗಿನ ತುದಿ ಕೆಂಪಾಗುತ್ತಿತ್ತು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಯ ಮೂಲೆಗೆ ಅಂಟಿಸಿಕೊಂಡವರನ್ನು ಕಂಡರೆ ಚೀಟಿ ಕಿತ್ತು ಅವರ ಕೈಗೇ ಕೊಟ್ಟು, "ಮನೆ ಚಾವೀನೂ ಹೀಗೇ ಬಾಗಿಲಿಗೆ ನೇತುಹಾಕಿ ಬರ್ತೀರಾ?" ಎಂದು ಕೇಳುತ್ತಿದ್ದಳು. ಆ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಕೋಣೆಗೂ ಮುರಿದ ಮಂಚಗಳ ಗೋದಾಮಿಗೂ ನಡುವೆ ಅವಳ ಕೋಣೆ. ಇಡೀ ಆಸ್ಪತ್ರೆಯ ಇಮೇಲ್ ಸರ್ವರ್ ಇದ್ದದ್ದು ಅಲ್ಲೇ. ಅದನ್ನು ನೋಡಿಕೊಳ್ಳುವವಳೆಂದು ಯಾರೋ ನರ್ಸ್ ಒಮ್ಮೆ ತಮಾಷೆಗೆ ಅಂಚೆಯಕ್ಕ ಎಂದಳು, ಅದು ಅಂಟಿಕೊಂಡಿತು. ಅವಳ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ನೆನಪಿತ್ತು.

ಹಾಗಂತ ಸುಮ್ಮಸುಮ್ಮನೆ ಹಾರಾಡುವ ಹೆಂಗಸಲ್ಲ. ಅವಳ ಕೆಲಸದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಒಂದು ಕೊರತೆ ಸಿಗುತ್ತಿರಲಿಲ್ಲ. ಆಸ್ಪತ್ರೆಯ ಅಂಚೆಯೆಲ್ಲ ಬೇರೆಬೇರೆ ಡೇಟಾಬೇಸ್‌ಗಳಲ್ಲಿ ಇರುತ್ತಿತ್ತು: ವೈದ್ಯರದು ಒಂದು, ವಾರ್ಡುಗಳದು ಒಂದು, ಆಫೀಸಿನದು ಒಂದು, ಉಳಿದ ಚಿಕಿತ್ಸಾ ವಿಭಾಗಗಳದು ಇನ್ನೊಂದು. ಯಾವುದಕ್ಕೆ ಯಾವ ದಿನ ಪೂರ್ತಿ ಬ್ಯಾಕಪ್, ಯಾವ ದಿನ ಬದಲಾದಷ್ಟು ಮಾತ್ರ, ಹಳೆಯ ಪ್ರತಿಗಳನ್ನು ಎಷ್ಟು ಕಾಲ ಇಡುವುದು, ನಕಲು ಮುಗಿದ ಮೇಲೆ ಅಸಲಿನ ಜೊತೆ ತಾಳೆ ನೋಡುವುದೇ ಬೇಡವೇ, ಈ ಆಯ್ಕೆಗಳನ್ನೆಲ್ಲ ಅವಳೇ ಕೂತು ಒಂದೊಂದಾಗಿ ಹೊಂದಿಸಿದ್ದಳು. ಪ್ರತಿ ತಿಂಗಳು ಯಾವುದಾದರೊಂದು ಡೇಟಾಬೇಸನ್ನು ಬ್ಯಾಕಪ್‌ನಿಂದ ಹಿಂದಕ್ಕೆ ತಂದು, ತೆರೆದು, ಓದಿ ನೋಡುತ್ತಿದ್ದಳು. ತಂದು ನೋಡದೆ ಬ್ಯಾಕಪ್ ಇದೆ ಎನ್ನುವವರ ಮೇಲೂ ಅವಳಿಗೆ ಸಿಟ್ಟಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂದು, ಮತ್ತೆ ಹೋಗಿ, ಬಂದಾಗ ಎಲ್ಲಿಲ್ಲದ ಜೋರಿನಲ್ಲಿ ಬಂತು. ಸರ್ವರ್‌ನಲ್ಲಿದ್ದ ಎರಡು ಡಿಸ್ಕ್‌ಗಳೂ ಒಟ್ಟಿಗೆ ಸುಟ್ಟವು. ಒಂದು ಹೋದರೆ ಇನ್ನೊಂದು ಇರಲಿ ಎಂದೇ ಜೋಡಿ ಇಟ್ಟಿದ್ದು, ಜೋಡಿಯಾಗಿಯೇ ಹೋದವು. ಮೇಲಿನ ಮಹಡಿಗಳಿಂದ ಜನ ಓಡೋಡಿ ಬಂದರು. ಔಷಧಿ ವಿಭಾಗದವನು ತಲೆ ಮೇಲೆ ಕೈ ಹೊತ್ತು ನಿಂತ. ಅಂಚೆಯಕ್ಕನ ಮುಖದಲ್ಲಿ ಮಾತ್ರ ಗಾಬರಿಯ ಗಂಧವೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಅವಳ ಕೆಲಸ ಇವತ್ತು ಎಲ್ಲರೆದುರು ಎದ್ದು ನಿಲ್ಲುವುದಿತ್ತು.

"ಯಾಕ್ರೀ ಎಲ್ರೂ ಮನೆಗೆ ಬೆಂಕಿ ಬಿದ್ದ ಹಾಗೆ ಆಡ್ತಿದೀರ? ಬ್ಯಾಕಪ್ ಇದೆ. ಹೋಗಿ ಟೀ ಕುಡೀರಿ. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಅಂಚೆ ನಿಮ್ಮ ಪರದೆ ಮೇಲಿರತ್ತೆ," ಎಂದು ಎಲ್ಲರನ್ನೂ ಅಟ್ಟಿದಳು.

ಎಲ್ಲರೂ ಹೋದ ಮೇಲೆ ಒಬ್ಬಳು ಉಳಿದಳು. ಮಾತಿನ ಟೀಚರಮ್ಮ. ಗಂಟಲಿನ ಆಪರೇಷನ್ ಆದವರಿಗೆ, ಲಕ್ವ ಹೊಡೆದವರಿಗೆ ಮಾತು ಕಲಿಸುವ ಹೆಂಗಸು. ರೋಗಿಗಳು ಇಟ್ಟ ಹೆಸರದು. ತೆಳ್ಳಗಿನ ಆಳು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅಕ್ಕಾ, ನಂದೆಲ್ಲ ಕಸದ ಬುಟ್ಟೀಲಿದೆ. ಅದೂ ಬರತ್ತಲ್ವಾ?"

ಈ ಪ್ರಶ್ನೆ ಕೇಳಿದರೆ ಅಂಚೆಯಕ್ಕನ ಬಾಯಿಂದ ಬರುವ ಉತ್ತರ ಒಂದೇ, ಅದು ಯೋಚನೆಗಿಂತ ಮೊದಲೇ ಬರುತ್ತಿತ್ತು. "ಕಸದ ಬುಟ್ಟೀಲಿ ಯಾರ್ರೀ ಬೇಕಾದ್ದನ್ನ ಇಡ್ತಾರೆ?"

ಟೀಚರಮ್ಮನ ಮುಖ ಬಿಳಿಚಿಕೊಂಡಿತು. "ನಿಮ್ಮಣ್ಣನ ಧ್ವನೀನೂ ಅಲ್ಲೇ ಇದೆ ಅಕ್ಕಾ," ಎಂದಳು.

ಅಂಚೆಯಕ್ಕನ ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಗಂಟೆ ಎಂದೇ ಅವನನ್ನು ಅಲ್ಲಿ ಎಲ್ಲರೂ ಕರೆಯುವುದು. ಬೆಳಕು ಹರಿಯುವ ಹೊತ್ತಿಗೆ ಅವನು ಮೂಟೆಯ ಮೇಲೆ ನಿಂತು ಬಾಯಿ ತೆರೆದನೆಂದರೆ ಆಚೆ ಬೀದಿಯ ಅಂಗಡಿಯವರಿಗೆ ಟೊಮೆಟೊ ದರ ಗೊತ್ತಾಗುತ್ತಿತ್ತು. ಅಪ್ಪ ಹೋದಾಗ ಅಂಚೆಯಕ್ಕ ಇನ್ನೂ ಲಂಗ ಹಾಕುವ ಹುಡುಗಿ. ಅಂದಿನಿಂದ ಅಣ್ಣನ ಗಂಟಲೇ ಮನೆ ನಡೆಸಿದ್ದು, ಅವಳನ್ನು ಓದಿಸಿದ್ದು, ಕಂಪ್ಯೂಟರ್ ಕಲಿಸಿದ್ದು, ಗಂಡನ ಮನೆಯಿಂದ ಅವಳು ಪೆಟ್ಟಿಗೆ ಎತ್ತಿಕೊಂಡು ವಾಪಸು ಬಂದಾಗ ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಕರೆದುಕೊಂಡದ್ದು.

ಆದರೆ ಅವನಿಗೆ ಇನ್ನೊಂದು ಧ್ವನಿ ಇತ್ತು. ಮಂಡಿಯವರು ಅದನ್ನು ಕೇಳಿಯೇ ಇರಲಿಲ್ಲ. ಮನೆಗೆ ಬರುವ ಹೊತ್ತಿಗೆ ಗಂಟಲು ದಣಿದು, ಅವನ ಮಾತು ತಗ್ಗಿ, ನಿಧಾನವಾಗಿ, ಹೇಳಿದ್ದನ್ನು ಕೇಳಲು ಹತ್ತಿರ ಕೂರಬೇಕಾಗುವಷ್ಟು ಮೆತ್ತಗಾಗುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಟ ತಂಗಿಗೆ ಆ ಧ್ವನಿಯಲ್ಲೇ, "ಪುಟ್ಟೀ, ಚಾವಿ ತಗೊಂಡ್ಯಾ?" ಎಂದು ಕೇಳುತ್ತಿದ್ದ. ಅವಳ ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೂ ಕೇಳುತ್ತಿದ್ದ. "ತಗೊಂಡಿದೀನಿ ಮಾರಾಯಾ, ನಾನೇನು ಸಣ್ಣ ಮಗೂನಾ?" ಎಂದು ಅವಳು ಸಿಡುಕುವುದೂ ದಿನದ ಪದ್ಧತಿಯೇ ಆಗಿತ್ತು.

ಗಂಟಲಲ್ಲಿ ಗಡ್ಡೆ ಎಂದರು. ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ ಎಂದರು. ಅಣ್ಣ, "ಜೀವಾನೇ ಇಟ್ಕೊಳ್ಳೋಣ ಬಿಡಿ, ಇವಳ ಜೊತೆ ಇರೋನಿಗೆ ಮಾತಾಡೋ ಚಾನ್ಸು ಹೇಗೂ ಕಮ್ಮಿ," ಎಂದಿದ್ದ. ಆಪರೇಷನ್‌ಗೆ ಮುಂಚೆ ಮಾತಿನ ಟೀಚರಮ್ಮ ಅವನನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ದಿನಾ ಒಂದಿಷ್ಟು ವಾಕ್ಯ ಓದಿಸಿ ಧ್ವನಿ ಹಿಡಿದಿಟ್ಟಳು. ಆಮೇಲೆ ಆ ಧ್ವನಿಯನ್ನು ಒಂದು ಸಣ್ಣ ಯಂತ್ರಕ್ಕೆ ತುಂಬಿಸುತ್ತಾರೆ. ಅವನು ಟೈಪ್ ಮಾಡಿದರೆ ಅದು ಅವನ ದನಿಯಲ್ಲೇ ಮಾತಾಡುತ್ತದೆ. "ಕೂಗಬೇಡಿ, ಮನೇಲಿ ಮಾತಾಡ್ತೀರಲ್ಲ, ಹಾಗೇ ಮಾತಾಡಿ," ಎಂದು ಟೀಚರಮ್ಮ ಮೊದಲ ದಿನವೇ ಹೇಳಿದ್ದಳು. ಅವನು ಹಾಗೇ ಮಾತಾಡಿದ. ಚಾವಿಯ ಮಾತನ್ನೂ ತಾನಾಗಿಯೇ ಕೇಳಿ ಸೇರಿಸಿಕೊಂಡನಂತೆ.

ಆಪರೇಷನ್ ಆಗಿತ್ತು. ಅಣ್ಣ ಮೇಲಿನ ವಾರ್ಡಿನಲ್ಲಿ ಕತ್ತಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ. ಹೊಲಿಗೆ ಇನ್ನೂ ಮಾಗಿರಲಿಲ್ಲ, ಯಂತ್ರಕ್ಕೆ ಧ್ವನಿ ತುಂಬಿಸುವುದೂ ಬಾಕಿಯಿತ್ತು. ಧ್ವನಿ ರೆಕಾರ್ಡ್ ಮಾಡುವ ಕೋಣೆಯವನು ಪ್ರತಿದಿನದ ಫೈಲನ್ನು ಟೀಚರಮ್ಮನಿಗೆ ಇಮೇಲ್ ಮಾಡಿ, ಮುಂದಿನ ರೋಗಿಗೆ ಜಾಗ ಬೇಕಲ್ಲ ಎಂದು ತನ್ನ ಯಂತ್ರದಿಂದಲೂ ಕಳಿಸಿದ ಅಂಚೆಯಿಂದಲೂ ಒರೆಸಿಬಿಟ್ಟಿದ್ದ. "ನೀನೊಂದು ಪ್ರತಿ ಇಟ್ಕೋಬಾರದಾ?" ಎಂದು ಅಂಚೆಯಕ್ಕ ಆಮೇಲೆ ಅವನ ಮೇಲೆ ಹರಿಹಾಯ್ದಾಗ ಅವನು ಪಾಪ, ಕಣ್ಣು ಪಿಳಿಪಿಳಿ ಬಿಡುತ್ತ, "ಅಂಚೆಯಕ್ಕನ ಬ್ಯಾಕಪ್ ಇರತ್ತಲ್ಲಾಂತ..." ಎಂದ.

ಇನ್ನು ಆ ಕಸದ ಬುಟ್ಟಿಯ ಕಥೆ. ಹೊರಗಿನವರು ಕೇಳಿದರೆ ನಗುತ್ತಾರೆ, ಆದರೆ ಆ ಆಸ್ಪತ್ರೆಯಲ್ಲಿ ಅದು ಗಾಳಿ ಬೆಳಕಿನಷ್ಟು ಸಹಜ. ಒಬ್ಬೊಬ್ಬರ ಅಂಚೆ ಪೆಟ್ಟಿಗೆಗೂ ಒಂದು ಮಿತಿ ಇತ್ತು, ಬಹಳ ಸಣ್ಣ ಮಿತಿ. ಒಂದೆರಡು ಎಕ್ಸ್-ರೇ ಚಿತ್ರ ಬಂದರೆ ಪೆಟ್ಟಿಗೆ ತುಂಬಿತು ಎಂದು ಸರ್ವರ್ ಬೊಬ್ಬೆ ಹಾಕುತ್ತಿತ್ತು. ಆದರೆ ಮೊದಲು ಸರ್ವರ್ ಕೂಡಿಸಿದ ಪುಣ್ಯಾತ್ಮ ಯಾರೋ, ಅಳಿಸಿದ ಅಂಚೆಯನ್ನು ಆ ಮಿತಿಯ ಲೆಕ್ಕಕ್ಕೆ ಸೇರಿಸಿರಲಿಲ್ಲ. ಇದನ್ನು ಯಾರೋ ಕಂಡುಹಿಡಿದರು. ಅಂದಿನಿಂದ ಹೊಸಬರು ಕೆಲಸಕ್ಕೆ ಸೇರಿದರೆ ಹಳಬರು ಕಲಿಸುವ ಮೊದಲ ಪಾಠ ಅದೇ: ಓದಿ ಮುಗಿದದ್ದು, ಮುಂದೆ ಬೇಕಾಗುವಂಥದ್ದು ಇದ್ದರೆ ತಕ್ಷಣ ಅಳಿಸು. ಕಸದ ಬುಟ್ಟಿಗೆ ಹೋಗಿ ಕೂರುತ್ತದೆ, ಬೇಕಾದಾಗ ತೆಗೆದುಕೋ. ಹೀಗೆ ಅಲ್ಲಿ ಬೇಡದ್ದೆಲ್ಲ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿತ್ತು, ಬೇಕಾದ್ದೆಲ್ಲ ಕಸದಲ್ಲಿ ಭದ್ರವಾಗಿರುತ್ತಿತ್ತು. ದೊಡ್ಡ ಸರ್ಜನ್ ಕೂಡ ತನ್ನ ಮಗಳ ಮದುವೆ ಫೋಟೋಗಳನ್ನು ಅಲ್ಲೇ ಇಟ್ಟಿದ್ದ.

ಅಂಚೆಯಕ್ಕನಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿ. ಸಿಕ್ಕಸಿಕ್ಕವರಿಗೆ ಬುದ್ಧಿ ಹೇಳಿದಳು. ಅವರು ತಲೆಯಾಡಿಸಿ, ಮತ್ತೆ ಅದನ್ನೇ ಮಾಡಿದರು. ಅವರನ್ನೂ ಏನನ್ನುವುದು? ಮಿತಿ ಹೆಚ್ಚಿಸಲು ಡಿಸ್ಕ್ ಬೇಕು, ಡಿಸ್ಕ್ ಬೇಕೆಂದರೆ ಆಡಳಿತಾಧಿಕಾರಿ ಒಪ್ಪಬೇಕು. ಆ ಮಹಾನುಭಾವನ ಅಡ್ಡಹೆಸರು ಮಿತವ್ಯಯ. ಅವನು ಹೊರಡಿಸುವ ಪ್ರತಿ ಸುತ್ತೋಲೆಯೂ ಮಿತವ್ಯಯ ಸಾಧಿಸತಕ್ಕದ್ದು ಎಂದೇ ಮುಗಿಯುತ್ತಿತ್ತು. ತನ್ನ ಕೋಣೆಗೆ ಮಾತ್ರ ಗೋಡೆಯಗಲದ ಪರದೆ ತರಿಸಿಕೊಂಡಿದ್ದ, ಅದರಲ್ಲಿ ಅವನು ಹವಾಮಾನ ನೋಡುತ್ತಿದ್ದ.

ಕಸ ಬೆಳೆಯಿತು. ಬೆಳೆದಷ್ಟೂ ಬ್ಯಾಕಪ್ ತಡವಾಯಿತು. ಬೆಳಗಾಗುವಷ್ಟರಲ್ಲಿ ಮುಗಿಯಬೇಕಾದದ್ದು ಹೊರರೋಗಿಗಳ ಸಾಲು ಶುರುವಾದರೂ ಮುಗಿಯದೆ ಅಂಚೆಯೆಲ್ಲ ಆಮೆ ನಡಿಗೆಗೆ ಬಂತು. ವೈದ್ಯರು ಗೊಣಗಿದರು. ಮಿತವ್ಯಯ ಅಂಚೆಯಕ್ಕನನ್ನು ಕರೆಸಿದ.

"ಹೊಸ ಡಿಸ್ಕ್ ಮಾತೇ ಬೇಡ. ಇರೋದ್ರಲ್ಲೇ ಏನಾದ್ರೂ ಕಡಿಮೆ ಮಾಡಿ," ಎಂದ.

"ಏನನ್ನ ಕಡಿಮೆ ಮಾಡ್ಲಿ? ಡಾಕ್ಟರುಗಳನ್ನಾ, ರೋಗಿಗಳನ್ನಾ?"

"ಅದು ನಿಮ್ಮ ವಿಷಯ. ನೀವು ತಾನೆ ಇದರಲ್ಲಿ ಪಂಟರು."

ಸಿಟ್ಟಿನಲ್ಲೇ ಕೆಳಗೆ ಬಂದು ಅವಳು ಲೆಕ್ಕ ಹಾಕಿದಳು. ನಕಲಾಗುತ್ತಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚು ಕಸದ ಬುಟ್ಟಿಯದೇ. ಬ್ಯಾಕಪ್‌ನ ಆಯ್ಕೆಗಳ ಪುಟ ತೆರೆದಳು. ಎಲ್ಲಕ್ಕಿಂತ ಕೆಳಗೆ, ಸಣ್ಣ ಚೌಕದ ಪಕ್ಕ, ಅಳಿಸಿದ ಅಂಚೆಯನ್ನೂ ಸೇರಿಸು ಎಂದಿತ್ತು. ಚೌಕದಲ್ಲಿ ಸರಿ ಗುರುತು. ಕಸಕ್ಕೂ ಬ್ಯಾಕಪ್ಪು! ಜಗತ್ತಿನಲ್ಲಿ ಎಲ್ಲಾದರೂ ಉಂಟೇ? ಆ ಗುರುತನ್ನು ತೆಗೆದುಹಾಕಿದಳು. ಒಂದೊಂದು ಡೇಟಾಬೇಸ್‌ಗೂ ಹೋಗಿ ತೆಗೆದಳು. ಜನ ಅಲ್ಲಿ ಏನಿಡುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತೆಗೆದಳು. ಒಂದು ಸಲ ಕಳಕೊಂಡರೆ ಬುದ್ಧಿ ಬರುತ್ತದೆ, ಕಲಿಯಲಿ ಎಂದುಕೊಂಡಳು. ಕಲಿಯುವವರು ಯಾರೆಂದು ಆಗ ಹೊಳೆಯಲಿಲ್ಲ.

ಆಮೇಲೆ ಇಡೀ ಆಸ್ಪತ್ರೆಗೆ ದಪ್ಪಕ್ಷರದಲ್ಲಿ ಒಂದು ಇಮೇಲ್ ಕಳಿಸಿದಳು. "ಕಸದ ಬುಟ್ಟಿ ಕಪಾಟಲ್ಲ. ಇನ್ನು ಮುಂದೆ ಅದಕ್ಕೆ ಬ್ಯಾಕಪ್ ಇರುವುದಿಲ್ಲ. ಬೇಕಾದ್ದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಆಮೇಲೆ ನನ್ನನ್ನು ಕೇಳಬೇಡಿ." ಬೇರೆ ಕಡೆ ಎಂದರೆ ಎಲ್ಲಿ ಎಂದು ಬರೆಯಲಿಲ್ಲ, ಯಾಕೆಂದರೆ ಬೇರೆ ಕಡೆ ಎಂಬುದು ಇರಲೇ ಇಲ್ಲ. ಎಲ್ಲರೂ ಅದನ್ನು ಓದಿದರು. ಮುಖ್ಯವಾದ ವಿಷಯ, ಮುಂದೆ ಬೇಕಾಗುತ್ತದೆ ಎಂದು ತಕ್ಷಣ ಅಳಿಸಿ ಭದ್ರಪಡಿಸಿಕೊಂಡರು.

ಅಣ್ಣನಿಗೆ ಗಡ್ಡೆ ಎಂದು ತಿಳಿದದ್ದು ಅದಾದ ಮೇಲೆ.

ಹೇಳಿದಂತೆಯೇ ಮಧ್ಯಾಹ್ನದ ಹೊತ್ತಿಗೆ, ಬದಲಿಗೆಂದು ಎತ್ತಿಟ್ಟಿದ್ದ ಹಳೆಯ ಜೋಡಿ ಡಿಸ್ಕ್‌ಗಳ ಮೇಲೆ ಅಂಚೆಯೆಲ್ಲ ಹಿಂದಕ್ಕೆ ಬಂತು. ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಬಂತು. ಮೇಲಿನ ಮಹಡಿಯಿಂದ ಯಾರೋ ಫೋನ್ ಮಾಡಿ ಭೇಷ್ ಎಂದರು. ಅಂಚೆಯಕ್ಕ ಟೀಚರಮ್ಮನ ಪೆಟ್ಟಿಗೆ ತೆರೆದು, ಕಸದ ಬುಟ್ಟಿ ಒತ್ತಿದಳು. ಖಾಲಿ. ಇಲ್ಲಿ ಏನೂ ಇಲ್ಲ ಎಂದು ಪರದೆ ಬಹಳ ಮರ್ಯಾದೆಯಿಂದ ಹೇಳಿತು. ಅದು ಹಾಗೇ ಹೇಳುತ್ತದೆಂದು ಗೊತ್ತಿದ್ದೂ ಮತ್ತೆ ಮತ್ತೆ ಒತ್ತಿದಳು. ಹಳೆಯ ಬ್ಯಾಕಪ್‌ಗಳನ್ನು ಒಂದೊಂದಾಗಿ ಬಿಚ್ಚಿದಳು. ಗುರುತು ತೆಗೆಯುವ ಮೊದಲಿನದರಲ್ಲಿ ಯಾರ್ಯಾರದೋ ಎಕ್ಸ್-ರೇ ಇತ್ತು, ಸರ್ಜನ್ ಮಗಳ ಮದುವೆ ಇತ್ತು. ಅಣ್ಣನಿರಲಿಲ್ಲ. ಸುಟ್ಟ ಡಿಸ್ಕ್‌ಗಳನ್ನು ಎದೆಗವಚಿಕೊಂಡು ರಿಪೇರಿಯವನ ಹತ್ತಿರ ಹೋದಳು. ಅವನು ಬಿಚ್ಚಿ, ಮೂಸಿ, ಇದರಲ್ಲಿ ಇನ್ನೇನೂ ಉಳಿದಿಲ್ಲ ತಾಯಿ ಎಂದು ಕೈ ಚೆಲ್ಲಿದ.

ಅಷ್ಟರಲ್ಲಿ ಆಸ್ಪತ್ರೆ ತುಂಬ ಗುಲ್ಲೆದ್ದಿತ್ತು. ಕಸ ಕಳಕೊಂಡವರು ಒಬ್ಬಿಬ್ಬರಲ್ಲ. ಮಿತವ್ಯಯ ತನ್ನ ಕೋಣೆಯಲ್ಲಿ ವಿಚಾರಣೆ ಇಟ್ಟ. ಅಂಚೆಯಕ್ಕ, ಟೀಚರಮ್ಮ ಇಬ್ಬರನ್ನೂ ಕೂರಿಸಿದ. ಅಂಚೆಯಕ್ಕ ಬಯ್ಗುಳ ತಿನ್ನಲು ತಯಾರಾಗಿ ಹೋಗಿದ್ದಳು. ಬಯ್ಗುಳ ಬೇಕಾಗಿತ್ತು ಕೂಡ. ಯಾರಾದರೂ ಎದುರು ನಿಂತು ನಿನ್ನಿಂದಲೇ ಆಯಿತು ಎಂದರೆ ಎದೆಯ ಮೇಲಿನ ಕಲ್ಲು ಸ್ವಲ್ಪ ಅಲುಗಬಹುದು ಎನಿಸಿತ್ತು.

ಅವನು ಮಾಡಿದ್ದೇ ಬೇರೆ. ಗೋಡೆಯಗಲದ ಪರದೆಯ ಮೇಲೆ ಅವಳ ಇಮೇಲನ್ನು ತೋರಿಸಿ, ಗಂಟಲು ಸರಿಮಾಡಿಕೊಂಡು ಓದಿದ. "ಕಸದ ಬುಟ್ಟಿ ಕಪಾಟಲ್ಲ. ಆಹಾ, ಎಷ್ಟು ಸ್ಪಷ್ಟವಾಗಿ ಬರ್ದಿದೀರ! ನಿಮ್ಮದೇನೂ ತಪ್ಪಿಲ್ಲಮ್ಮ. ನೀವು ಎಚ್ಚರಿಕೆ ಕೊಟ್ಟಿದ್ರಿ. ಕೇಳ್ದೆ ಇರೋದು ಇವರ ತಪ್ಪು." ಟೀಚರಮ್ಮನ ಕಡೆ ಬೆರಳು ಮಾಡಿದ. ಕಾಗದವೊಂದನ್ನು ಮುಂದೆ ತಳ್ಳಿದ. ಟೀಚರಮ್ಮನ ನಿರ್ಲಕ್ಷ್ಯದಿಂದ ನಷ್ಟವಾಗಿದೆ, ಸರ್ವರ್ ವಿಭಾಗದಿಂದ ಲೋಪವಾಗಿಲ್ಲ ಎಂದು ಟೈಪಾಗಿತ್ತು. "ಇಲ್ಲೊಂದು ಸಹಿ ಹಾಕಿಬಿಡಿ, ಮುಗೀತು."

ಟೀಚರಮ್ಮ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಮಿತಿ ಹೆಚ್ಚಿಸಿ ಎಂದು ಅರ್ಜಿ ಹಾಕಿ ಹಾಕಿ ಸಾಕಾಗಿತ್ತೆಂದು ಅಂಚೆಯಕ್ಕನಿಗೆ ಗೊತ್ತಿತ್ತು. ಆ ಅರ್ಜಿಗಳೆಲ್ಲ ಅಂಚೆಯಕ್ಕನ ಮೂಲಕವೇ ಹಾದು ಇದೇ ಮೇಜಿಗೆ ಬಂದು ಸತ್ತಿದ್ದವು.

ಅಂಚೆಯಕ್ಕನ ಜೀವಮಾನದಲ್ಲಿ ಬಂದ ಸಿಟ್ಟುಗಳನ್ನೆಲ್ಲ ಒಟ್ಟುಗೂಡಿಸಿದರೂ ಆ ಗಳಿಗೆಯದಕ್ಕೆ ಸಾಟಿಯಾಗುತ್ತಿರಲಿಲ್ಲ. ತಪ್ಪು ಮಾಡಿದ್ದಕ್ಕೆ ಬಯ್ಯಿಸಿಕೊಳ್ಳುವುದನ್ನು ತಡೆಯಬಹುದು. ತಪ್ಪು ಮಾಡಿ, ಅದೇ ಮಾತಿನಿಂದ ಹೊಗಳಿಸಿಕೊಳ್ಳುವುದನ್ನು ತಡೆಯುವುದು ಹೇಗೆ?

"ಸಹಿ ಹಾಕಲ್ಲ," ಎಂದಳು.

"ಯಾಕಮ್ಮಾ? ನಿಮ್ಮ ಪರವಾಗೇ ಇದೆಯಲ್ಲ?"

"ಅದಕ್ಕೇ ಹಾಕಲ್ಲ. ಅವರು ಕಸದಲ್ಲಿಟ್ಟಿದ್ದು ಯಾಕೆ? ಇಡೋಕೆ ಬೇರೆ ಜಾಗ ಕೊಟ್ಟಿದ್ರಾ ನೀವು? ಡಿಸ್ಕ್ ಕೇಳಿದ್ರೆ ಮಿತವ್ಯಯ, ಮಿತಿ ಕೇಳಿದ್ರೆ ಮಿತವ್ಯಯ! ಇಷ್ಟು ದೊಡ್ಡ ಪರದೇಲಿ ಮಳೆ ಬರತ್ತಾ ಅಂತ ನೋಡ್ತೀರಲ್ಲ, ಕಿಟಕಿ ತೆಗೆದು ನೋಡೋಕೆ ಆಗಲ್ವಾ? ಇನ್ನು ನಾನು. ನಂಗೆ ಗೊತ್ತಿತ್ತು ಅಲ್ಲಿ ಏನಿದೆ ಅಂತ. ಎಲ್ಲಾ ಗೊತ್ತಿದ್ದೂ ಗುರುತು ತೆಗ್ದೆ. ಸಿಟ್ಟಿಗೆ ತೆಗ್ದೆ. ತಪ್ಪು ನಂದು, ನಿಮ್ದು. ಹಾಗೆ ಬರ್ಕೊಂಡು ಬನ್ನಿ, ಎರಡು ಕೈಯಲ್ಲೂ ಸಹಿ ಹಾಕ್ತೀನಿ!"

ಮಿತವ್ಯಯ ಕಾಗದವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ನೀವು ಬಹಳ ನೊಂದಿದ್ದೀರಿ, ರಜೆ ತೆಗೆದುಕೊಳ್ಳಿ ಎಂದ. ಅವಳಿಗೆ ಒಂದು ನೋಟಿಸನ್ನೂ ಕೊಡಲಿಲ್ಲ. ಆಮೇಲೆ ಕಡತದಲ್ಲಿ, ವಿದ್ಯುತ್ ವ್ಯತ್ಯಯದಿಂದಾದ ಹಾನಿ, ಯಾರೂ ಹೊಣೆಯಲ್ಲ ಎಂದು ಬರೆದು ಕೈ ತೊಳೆದುಕೊಂಡನೆಂದು ತಿಳಿಯಿತು. ಯಾರೂ ಹೊಣೆಯಲ್ಲವಂತೆ!

ಅಣ್ಣನಿಗೆ ಹೇಳಲೇಬೇಕಿತ್ತು. ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಸುತ್ತಿಬಳಸದೆ, ಚೌಕದ ಗುರುತಿನಿಂದ ಹಿಡಿದು ಖಾಲಿ ಬುಟ್ಟಿಯವರೆಗೆ ಎಲ್ಲವನ್ನೂ ಹೇಳಿದಳು. ಅವನು ಸ್ಲೇಟು ತೆಗೆದುಕೊಂಡ. ಆಸ್ಪತ್ರೆಯವರು ಕೊಟ್ಟ, ಬರೆದು ಒರೆಸುವ ಬಿಳಿ ಸ್ಲೇಟು.

"ನನ್ನ ಬಾಯಿ ಮುಚ್ಚಿಸಬೇಕು ಅಂತ ಚಿಕ್ಕಂದಿನಿಂದ ಕಾದಿದ್ದೆ ಅಲ್ವಾ ನೀನು?" ಎಂದು ಬರೆದ.

"ತಮಾಷೆ ಮಾಡಬೇಡ! ಬಯ್ಯಿ ನಂಗೆ. ಬಾಯಿಗೆ ಬಂದ ಹಾಗೆ ಬಯ್ಯಿ."

ಬಾಯಿ ಎಲ್ಲಿದೆ ಎಂಬಂತೆ ಅವನು ಕತ್ತಿನ ಪಟ್ಟಿ ತೋರಿಸಿದ. ಒರೆಸಿ, ಮತ್ತೆ ಬರೆದ. "ಊಟ ಮಾಡಿದ್ಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಹೋಗಿ ಮಾಡು ಎಂದು ಕೈಸನ್ನೆ ಮಾಡಿ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬಾಗಿಲವರೆಗೆ ಹೋಗಿ ಅವಳು ಹಿಂತಿರುಗಿ ನೋಡಿದಾಗ ಅವನ ಬೆನ್ನು ಅಲುಗುತ್ತಿತ್ತು. ಸದ್ದು ಬರುತ್ತಿರಲಿಲ್ಲ. ಅಳುವುದಕ್ಕೂ ದನಿ ಬೇಕಲ್ಲ ದೇವರೇ, ಎಂದುಕೊಂಡು ಅವಳು ಮೆಟ್ಟಿಲ ಮೇಲೆ ಕೂತು ಅವನ ಪಾಲಿನದನ್ನೂ ಸೇರಿಸಿ ಅತ್ತಳು.

ಮರುದಿನ ಮಂಡಿಗೆ ಹೋದಳು. ಯಾರ ಫೋನಿನಲ್ಲಾದರೂ ಅಣ್ಣ ಇದ್ದಾನೆಯೇ ಎಂದು ಅಂಗಡಿ ಅಂಗಡಿ ಕೇಳಿದಳು. ಇದ್ದ, ಎಲ್ಲರಲ್ಲೂ ಇದ್ದ. ಮೂಟೆ ಹೊರುವವರು, ಸೊಪ್ಪು ಮಾರುವ ಹೆಂಗಸರು, ತೂಕದವನು, ಎಲ್ಲರೂ ಗಂಟೆ ಕೂಗುವುದನ್ನು ಯಾವುದೋ ಒಂದು ದಿನ ವಿಡಿಯೋ ಮಾಡಿಕೊಂಡಿದ್ದರು. "ಇಮೇಲ್ ಮಾಡ್ಲಾ ಅಕ್ಕಾ?" ಎಂದ ತೂಕದವನು. "ಬೇಡ!" ಎಂದು ಅವಳು ಹೌಹಾರಿದ ರಭಸಕ್ಕೆ ಅವನು ಹಿಂದೆ ಸರಿದ. ಪ್ರತಿಯೊಬ್ಬರ ಫೋನನ್ನೂ ಕೈಯಲ್ಲಿ ಹಿಡಿದು, ತಾನೇ ನಕಲು ಮಾಡಿಕೊಂಡು, ಆ ನಕಲಿನ ನಕಲನ್ನು ಮನೆಯಲ್ಲೊಂದು, ಟೀಚರಮ್ಮನ ಬೀರುವಿನಲ್ಲೊಂದು, ತನ್ನ ಕೈಚೀಲದಲ್ಲೊಂದು ಇಟ್ಟಳು.

ಟೀಚರಮ್ಮ ಕೇಳಿ ನೋಡಿದಳು. "ಆಗತ್ತೆ ಅಕ್ಕಾ. ಆದ್ರೆ ಒಂದು ಮಾತು. ಇದ್ರಲ್ಲಿರೋದೆಲ್ಲ ಕೂಗು. ಯಂತ್ರಕ್ಕೆ ಕೂಗೋದಷ್ಟೇ ಬರತ್ತೆ. ಮನೆ ಮಾತಿನ ದನಿ ಬರಲ್ಲ. ಸಣ್ಣ ಮಾಡಬಹುದು, ಮೆತ್ತಗೆ ಮಾಡೋಕೆ ಆಗಲ್ಲ."

"ಅವನದೇ ತಾನೆ?"

"ಅವರದೇ."

ಹಾಗೆ ಗಂಟೆ ಯಂತ್ರ ಸಮೇತ ಮನೆಗೆ ಬಂದ. ಖಾಲಿ ಬುಟ್ಟಿ ಕಂಡ ದಿನವೇ ಅಂಚೆಯಕ್ಕ ಆಯ್ಕೆಗಳ ಪುಟ ತೆರೆದು ಆ ಸಣ್ಣ ಚೌಕಗಳಲ್ಲೆಲ್ಲ ಗುರುತು ವಾಪಸು ಹಾಕಿದ್ದಳು. ಬೆಳಿಗ್ಗೆ ಅಂಚೆ ಮತ್ತೆ ಆಮೆಯಾಗಿದೆ, ವೈದ್ಯರು ಮತ್ತೆ ಗೊಣಗುತ್ತಾರೆ. ಮಿತವ್ಯಯ ಫೋನ್ ಮಾಡಿದರೆ, "ಡಿಸ್ಕ್ ಕೊಡಿ, ಓಡತ್ತೆ," ಎಂದು ಇಟ್ಟುಬಿಡುತ್ತಾಳೆ. ಡಿಸ್ಕ್ ಇನ್ನೂ ಬಂದಿಲ್ಲ.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಅಣ್ಣ ಕುರ್ಚಿಯಲ್ಲಿ ಕೂತು ಏನೋ ಒತ್ತಿದ. ಟೊಮೆಟೊ ದರ ಕೂಗುವ ಆ ದನಿ ಗೋಡೆ ಅದುರುವಂತೆ, "ಪುಟ್ಟೀ! ಚಾವಿ ತಗೊಂಡ್ಯಾ!" ಎಂದಿತು. ಎದುರುಮನೆಯ ಕಿಟಕಿ ತೆರೆಯಿತು. ಅಣ್ಣ ತಬ್ಬಿಬ್ಬಾಗಿ ಸದ್ದಿನ ಗುಂಡಿಯನ್ನು ಸಣ್ಣ ಮಾಡಿ ಮತ್ತೊಮ್ಮೆ ಒತ್ತಿದ. ಅದೇ ಮಾತು, ಸಣ್ಣದಾಗಿ. ಎಲ್ಲೋ ದೂರದ ಬೀದಿಯಲ್ಲಿ ನಿಂತು ಯಾರೋ ಯಾರನ್ನೋ ಕೂಗಿ ಕರೆದ ಹಾಗಿತ್ತು. ಇನ್ನೂ ಸಣ್ಣ ಮಾಡಿದ. ಇನ್ನೂ ದೂರ ಹೋಯಿತು. ಹತ್ತಿರ ಬರಲೇ ಇಲ್ಲ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಇನ್ನು ಇದೇ ಎಂದು ಇಬ್ಬರಿಗೂ ಗೊತ್ತಾಯಿತು.

"ತಗೊಂಡಿದೀನಿ ಮಾರಾಯಾ," ಎಂದಳು ಅವಳು. ಸಿಡುಕಲು ಹೋದಳು, ಆಗಲಿಲ್ಲ.

ಅವನು ಸದ್ದನ್ನು ಪೂರ್ತಿ ಏರಿಸಿ, ಕಣ್ಣಲ್ಲೇ ನಗುತ್ತ ಇನ್ನೊಂದು ಸಾಲು ಟೈಪ್ ಮಾಡಿದ. "ಕಸದ ಗಾಡಿ ಬಂತು! ಬುಟ್ಟಿ ಹೊರಗಿಡು!" ಬೀದಿಗೆ ಬೀದಿಯೇ ಕೇಳಿಸಿಕೊಂಡು, ಅಕ್ಕಪಕ್ಕದವರೂ ತಮ್ಮ ತಮ್ಮ ಬುಟ್ಟಿ ಹಿಡಿದು ಗಡಿಬಿಡಿಯಿಂದ ಹೊರಬಂದರು. ಗಾಡಿ ನಿಜವಾಗಿಯೂ ತಿರುವಿನಲ್ಲಿತ್ತು. ಅಂಚೆಯಕ್ಕ ಅಡುಗೆಮನೆಯ ಬುಟ್ಟಿ ಎತ್ತಿಕೊಂಡು ಗೇಟಿನ ಹತ್ತಿರ ಹೋದಳು. ಗಾಡಿಯವನು ಕೈ ಚಾಚಿದ. ಅವಳು ಕೊಡಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು, ಮುಚ್ಚಳ ತೆಗೆದು, ಸಿಪ್ಪೆ ಚೀಟಿಗಳನ್ನು ಒಂದೊಂದಾಗಿ ಸರಿಸಿ ತಳದವರೆಗೂ ನೋಡತೊಡಗಿದಳು. ಹಿಂದೆ ಜನ ಕಾಯುತ್ತಿದ್ದರು.

ಗಾಡಿಯವನಿಗೆ ತಾಳ್ಮೆ ಕೆಟ್ಟಿತು. "ಬೇಗ ಕೊಡಮ್ಮಾ. ಕಸದ ಬುಟ್ಟೀಲಿ ಯಾರಾದ್ರೂ ಬೇಕಾದ್ದು ಇಡ್ತಾರಾ?"

ಅಂಚೆಯಕ್ಕ ತಲೆ ಎತ್ತಿದಳು. ಮೂಗಿನ ತುದಿ ಕೆಂಪಾಗಿತ್ತು.

"ಇಡ್ತಾರೆ ಕಣಯ್ಯಾ! ಜಾಗ ಇಲ್ದೆ ಇರೋರೆಲ್ಲ ಅಲ್ಲೇ ಇಡ್ತಾರೆ! ನೋಡೋ ತನಕ ನಿಲ್ಲು!" ಎಂದು ಅವನ ಮೇಲೆ ರೇಗಿದಳು.